ನಮ್ಮ ಕಡಲಿನ ಸಿಗಡಿ

ಜನವರಿ 8

ಇಪ್ಪತ್ತೆರಡು ವರ್ಷ ಸಿಗಡಿ ಸುಲಿದ ಕೈಗೆ ಇವತ್ತು ಒಂದು ಸೀಲು ಬಂತು.

ಮಧ್ಯಾಹ್ನ ಮೀನುಗಾರರ ಸಂಘದ ಅಧ್ಯಕ್ಷರು ನಮ್ಮ ಶೆಡ್ಡಿಗೆ ಬಂದರು. ಉದ್ದ ಮೇಜಿನ ಎರಡೂ ಕಡೆ ನಿಂತು ಸಿಪ್ಪೆ ತೆಗೆಯುತ್ತಿದ್ದ ಮೂವತ್ತು ಹೆಂಗಸರ ಕೈಯೂ ನಿಂತಿತು. ಅಧ್ಯಕ್ಷರು ಶೆಡ್ಡಿಗೆ ಬರುವುದಕ್ಕೆ ಇರುವುದು ಎರಡೇ ಕಾರಣ, ಒಂದು ಚುನಾವಣೆ, ಇನ್ನೊಂದು ಬಾಗಿಲು ಮುಚ್ಚುವ ಸುದ್ದಿ. ಬಂದರು ಬೀದಿಯಲ್ಲಿ ಹೋದ ವರ್ಷ ಎರಡು ಶೆಡ್ಡು ಮುಚ್ಚಿವೆ. ಹೊರದೇಶದ ಸಿಗಡಿ ಹಡಗಿನಲ್ಲಿ ಬಂದು ಇಳಿಯುತ್ತದೆ, ನಮ್ಮದರ ಅರ್ಧ ಬೆಲೆ. ಅದನ್ನು ಅದರ ಹೆಸರಲ್ಲೇ ಮಾರಿದರೆ ಒಂದು ಮಾತು. ಕೆಲವರು ಅದಕ್ಕೆ ‘ನಮ್ಮ ಕಡಲಿನದು’ ಎಂದು ಚೀಟಿ ಅಂಟಿಸಿ ನಮ್ಮ ಬೆಲೆಗೇ ಮಾರುತ್ತಿದ್ದಾರಂತೆ.

“ಅಕ್ಕಾ, ಯಾವುದು ನಮ್ಮದು, ಯಾವುದು ಹೊರಗಿಂದು ಅಂತ ನೀವು ಮುಟ್ಟಿ ಹೇಳ್ತೀರಂತೆ, ಹೌದಾ?” ಎಂದರು.

“ಅದೇನು ಬ್ರಹ್ಮವಿದ್ಯೆ ಸಾರ್? ಕಡಲಲ್ಲಿ ಮೇದಿದ್ದಕ್ಕೆ ಬೆನ್ನಿನ ನರದಲ್ಲಿ ಮರಳಿರುತ್ತೆ. ಹೊರಗಿಂದು ಕೆರೆಯಲ್ಲಿ ಸಾಕಿದ್ದು, ಹಿಡಿಯೋ ಮುಂಚೆ ಉಪವಾಸ ಕೆಡವ್ತಾರೆ. ನರ ಖಾಲಿ. ಆಮೇಲೆ ಅದನ್ನ ಏನೋ ಮದ್ದಿನ ನೀರಲ್ಲಿ ನೆನೆಸ್ತಾರೆ, ಮುಟ್ಟಿದ್ರೆ ಸೋಪು ಮುಟ್ಟಿದ ಹಾಗೆ ಜಾರುತ್ತೆ.”

ನಾಳೆಯಿಂದ ನಾನು ಸಂಘದ ತಪಾಸಣೆಯವಳು. ಬಿಳಿ ಕೋಟು ಕೊಟ್ಟಿದ್ದಾರೆ, ತೋಳು ಸ್ವಲ್ಪ ಉದ್ದ. ನಾನು ನೋಡಿ ಸೀಲು ಒತ್ತಿದ ಚೀಟಿ ಇದ್ದರೆ ಮಾತ್ರ ಅದು ನಮ್ಮ ಕಡಲಿನ ಮಾಲು. ಆಮದಿನ ಮೇಲೆ ಸುಂಕ ಹಾಕಿ ಎಂದು ಸಂಘ ಸರ್ಕಾರಕ್ಕೆ ಅರ್ಜಿ ಕೊಟ್ಟಿದೆ. ಮೊದಲು ನಮ್ಮ ಮನೆ ಚೊಕ್ಕ ಇದೆ ಎಂದು ತೋರಿಸಬೇಕಂತೆ. ನ್ಯಾಯದ ಮಾತು.

ಸಂಜೆ ತಂಗಿಯ ಮನೆಗೆ ಹೋಗಿ ಕೋಟು ಹಾಕಿ ತೋರಿಸಿದೆ. ಹೊಟ್ಟೆ ಹಿಡಿದು ನಕ್ಕಳು. “ಅಕ್ಕಾ, ಸೂಜಿ ಚುಚ್ಚೋ ಡಾಕ್ಟರ್ ಥರ ಕಾಣ್ತೀಯ” ಎಂದಳು. ಅವಳ ಗಂಡ ಒಮ್ಮೆ ನೋಡಿ ಲೆಕ್ಕದ ಪುಸ್ತಕಕ್ಕೆ ತಿರುಗಿದ. ಅವನ ಮುಖ ಯಾವಾಗಲೂ ಕಹಿ ಸೊಪ್ಪು ಅಗಿದ ಹಾಗೇ ಇರುತ್ತದೆ, ಬಂದರು ಬೀದಿಗೆಲ್ಲ ಅವನು ಗಂಟುಮೋರೆ. ಅವನದೂ ಒಂದು ಶೆಡ್ಡಿದೆ, ನಲವತ್ತು ಹೆಂಗಸರು ಕೆಲಸ ಮಾಡುತ್ತಾರೆ. ನನ್ನ ಮಗಳು ಅಲ್ಲೇ ತೂಕ ಬರೆಯುತ್ತಾಳೆ. ಒಳ್ಳೆ ಜನ. ನಮ್ಮ ಯಜಮಾನರು ತೀರಿಕೊಂಡ ವರ್ಷ ನನ್ನನ್ನೂ ಮಗಳನ್ನೂ ಆರು ತಿಂಗಳು ಇಟ್ಟುಕೊಂಡ ಮನೆ ಅದು.

ಜನವರಿ 12

ಸಂತೆಕಟ್ಟೆಯಲ್ಲಿ ಒಬ್ಬಳ ಬುಟ್ಟಿಗೆ ಕೈ ಹಾಕಿದೆ. ಮೇಲೆ ನಮ್ಮದು, ಕೆಳಗೆ ಹೊರಗಿನದು. ಕೈ ಹಿಡಿದು ಅತ್ತಳು. ಇನ್ನೊಂದು ಸಲ ಮಾಡಬೇಡ ಎಂದು ಬಿಟ್ಟು ಬಂದೆ.

ಅಧ್ಯಕ್ಷರಿಗೆ ಅದು ಹೇಗೋ ಗೊತ್ತಾಗಿತ್ತು. ಬೈಯಲಿಲ್ಲ, ಟೀ ತರಿಸಿಕೊಟ್ಟರು. “ಅಕ್ಕಾ, ಕಣ್ಣೀರಿಗೆ ಕರಗಿದ್ರೆ ಈ ಕೆಲಸ ಆಗಲ್ಲ. ಕಳ್ಳ ಯಾವಾಗಲೂ ಪರಿಚಯದವನೇ ಆಗಿರ್ತಾನೆ. ಎಲ್ಲರ ಮೇಲೂ ಒಂದು ಕಣ್ಣಿಡಿ.” ತೂಕದ ಮಾತು.

ನಾನು ಹೊರಡುವ ಮುಂಚೆ ಕೆಲವು ಕಟ್ಟು ಖಾಲಿ ಚೀಟಿಗೆ ಸೀಲು ಒತ್ತಿಸಿಕೊಂಡರು. ನಾನು ಸಂತೆಯಲ್ಲಿದ್ದಾಗ ಸಂಘದ ಗೋದಾಮಿನ ಕೆಲಸ ನಿಲ್ಲಬಾರದಲ್ಲ. ಒತ್ತಿ ಒತ್ತಿ ಹೆಬ್ಬೆರಳು ನೀಲಿಯಾಯಿತು.

ಜನವರಿ 19

ನಾನು ಹೋದ ಕಡೆ ಮಾತು ನಿಲ್ಲುತ್ತದೆ. ನಮ್ಮ ಹಳೆಯ ಶೆಡ್ಡಿನಲ್ಲೂ. ಹದಿನೈದು ದಿನದ ಹಿಂದೆ ಒಂದೇ ಡಬ್ಬಿಯಿಂದ ಊಟ ಮಾಡಿದವರು ಇವತ್ತು “ಬನ್ನಿ, ಕೂತ್ಕೊಳ್ಳಿ” ಎಂದು ಕುರ್ಚಿ ತಂದರು. ಬನ್ನಿಯಂತೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಏನೂ ಇಲ್ಲದಿದ್ದರೆ ಯಾಕೆ ಬಾಯಿ ಮುಚ್ಚಬೇಕು?

ಜನವರಿ 27

ಮಧ್ಯಾಹ್ನ ಊಟದ ಹೊತ್ತಿನಲ್ಲಿ ತಂಗಿಯ ಶೆಡ್ಡಿನ ಹಿಂಬಾಗಿಲಿಗೆ ಒಂದು ಲಾರಿ ಬಂದಿತ್ತು. ನಾನು ಎದುರಿನ ಹಗ್ಗದ ಅಂಗಡಿಯಲ್ಲಿದ್ದೆ. ಗಂಟುಮೋರೆ ತಾನೇ ನಿಂತು ಪೆಟ್ಟಿಗೆ ಇಳಿಸಿಕೊಂಡ. ಇಳಿಸಿದ ಮೇಲೆ ಟಾರ್ಪಾಲು ಹೊದಿಸಿದ. ಬಿಸಿಲಿಗೆ ಎಂದುಕೊಳ್ಳೋಣ ಅಂದರೆ ಅಲ್ಲಿ ನೆರಳಿತ್ತು.

ಮನೆಗೆ ಬಂದ ಮಗಳನ್ನು, ಇವತ್ತು ಶೆಡ್ಡಿಗೆ ಮಾಲು ಬಂತಾ ಎಂದು ಕೇಳಿದೆ.

“ದಿನಾ ಬರುತ್ತಲ್ಲಮ್ಮ.”

“ಯಾವ ದೋಣಿದು?”

“ನಂಗೇನು ಗೊತ್ತು? ನಾನು ತೂಕ ಬರೆಯೋಳು” ಎಂದು ಸ್ನಾನಕ್ಕೆ ಹೋದಳು. ಬಹಳ ಹೊತ್ತು ನೀರು ಬಿಟ್ಟುಕೊಂಡೇ ಇದ್ದಳು.

ಜನವರಿ 28

ಮಗಳ ಚೀಲ ನೋಡಿದೆ. ನೋಡಬಾರದಿತ್ತು ಎಂದು ಬರೆಯಲು ಹೊರಟೆ. ನೋಡಿದ್ದು ಒಳ್ಳೆಯದೇ ಆಯಿತು. ಟಿಫಿನ್ ಡಬ್ಬಿಯ ಕೆಳಗೆ ಒಂದು ಸುರುಳಿ ಚೀಟಿ, ಯಾವುದೋ ಹೊರದೇಶದ ಅಕ್ಷರ. ಸಿಗಡಿಯ ಚಿತ್ರ ಇತ್ತು. ಹಾಗೇ ಸುತ್ತಿ ಇಟ್ಟೆ.

ಈ ಪುಸ್ತಕವನ್ನು ಇನ್ನು ಹಾಸಿಗೆಯ ಕೆಳಗೆ ಇಡುವುದಿಲ್ಲ.

ಫೆಬ್ರವರಿ 2

ತಂಗಿ ಊಟಕ್ಕೆ ಕರೆದಳು. ಇದ್ದಕ್ಕಿದ್ದಂತೆ ಯಾಕೆ ಕರೆದಳು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಯಾವಾಗಲೂ ಕರೆಯುತ್ತಾಳೆ, ಅದು ಬೇರೆ ಮಾತು.

ಊಟ ಮಾಡುತ್ತಾ ಸುತ್ತಿ ಬಳಸಿ ಮಾತಾಡಿದೆ. ದೋಣಿಗಳಿಗೆ ಹಿಡಿತವೇ ಇಲ್ಲವಲ್ಲ, ನಿಮಗೆ ಹೇಗೆ ನಲವತ್ತು ಜನಕ್ಕೆ ಕೆಲಸ ಸಿಗುತ್ತಿದೆ, ಎಂದೆ. ತಂಗಿ ಗಂಡನ ಮುಖ ನೋಡಿದಳು. ಅವನು “ಹೆಂಗೋ ನಡೀತಾ ಇದೆ ಅತ್ತಿಗೆ” ಎಂದು ತಟ್ಟೆ ನೋಡಿಕೊಂಡ. ಆ ‘ಹೆಂಗೋ’ ಎಂಬುದರಲ್ಲೇ ಎಲ್ಲ ಇದೆ.

ತಂಗಿ ಇನ್ನೊಂದು ಸೌಟು ಬಡಿಸಲು ಬಂದಳು. ಸಾಕು ಎಂದೆ.

ಫೆಬ್ರವರಿ 5

ಅಧ್ಯಕ್ಷರಿಗೆ ಹೇಳಿದೆ. ಲಾರಿ, ಟಾರ್ಪಾಲು, ಚೀಟಿಯ ಸುರುಳಿ. ಚೀಟಿ ಯಾರ ಚೀಲದಲ್ಲಿತ್ತು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. “ಸ್ವಂತ ತಂಗಿ ಮನೆ ವಿಷಯ. ನಿಮ್ಮಂಥವರು ಹತ್ತು ಜನ ಇದ್ದಿದ್ರೆ ಈ ಬಂದರು ಯಾವತ್ತೋ ಉದ್ಧಾರ ಆಗ್ತಿತ್ತು ಅಕ್ಕಾ.”

ಹೊರಗೆ ಬಂದಾಗ ಕಾಲು ಹಗುರವಾಗಿತ್ತು. ಮನೆಗೆ ಮಾತ್ರ ತಂಗಿಯ ಬೀದಿ ತಪ್ಪಿಸಿ ಸುತ್ತು ದಾರಿಯಲ್ಲಿ ಬಂದೆ.

ಫೆಬ್ರವರಿ 7

ಬೆಳಿಗ್ಗೆ ಹತ್ತಕ್ಕೆ ಹೋದೆವು. ಅಧ್ಯಕ್ಷರು, ಸಂಘದ ನಾಲ್ವರು, ನಾನು. ಟಾರ್ಪಾಲು ತೆಗೆದರೆ ಹೊಸದಾಗಿ ಇಳಿಸಿದ್ದ, ಐಸು ತುಂಬಿದ ಅರವತ್ತು ಪೆಟ್ಟಿಗೆ. ಮೇಜಿನ ಮೇಲೆ ಸುರಿದು ನನಗೆ ಮುಟ್ಟಲು ಹೇಳಿದರು. ಮುಟ್ಟುವ ಮೊದಲೇ ಗೊತ್ತಿತ್ತು. ಜಾರುತ್ತಿತ್ತು.

“ಹೊರಗಿಂದು” ಎಂದೆ.

ಗಂಟುಮೋರೆ ಕಾಗದಗಳನ್ನು ತಂದು ಚಾಚಿದ. “ಆಮದು ಮಾಡೋರಿಗೆ ಕೂಲಿಗೆ ಸುಲಿದು ಕೊಡೋಕೆ ಅಂತ ತರಿಸಿದ್ದು. ಹೊರಗಿಂದು ಅಂತಾನೇ ಚೀಟಿ ಹಾಕಿ ವಾಪಸ್ ಕಳಿಸ್ತೀವಿ. ನಮ್ಮದರ ಜತೆ ಸೇರ್ಸಲ್ಲ. ನೋಡಿ, ಇಲ್ಲಿದೆ.” ಅವನು ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

“ಕಾಗದ ಯಾರು ಬೇಕಾದ್ರೂ ಮಾಡಿಸ್ತಾರೆ. ಮತ್ಯಾಕೆ ಮುಚ್ಚಿಟ್ರಿ?” ಎಂದರು ಅಧ್ಯಕ್ಷರು.

“ಹೊರಗಿನ ಮಾಲು ಮುಟ್ಟಿದವರನ್ನ ಸಂಘದಿಂದ ತೆಗೀತೀವಿ ಅಂದ್ರಲ್ಲ ನೀವು! ದೋಣಿ ಬರಿಗೈಲಿ ಬಂದ ದಿನ ಈ ನಲವತ್ತು ಜನಕ್ಕೆ ನಾನೇನು ಸುಲಿಯೋಕೆ ಕೊಡ್ಲಿ?”

ಬಾಗಿಲಿಗೆ ಬೀಗ ಹಾಕಿದರು. ಹೆಂಗಸರು ಏಪ್ರನ್ ಬಿಚ್ಚದೆಯೇ ರಸ್ತೆಯ ಮೇಲೆ ನಿಂತಿದ್ದರು. ಮಗಳು ಅವರ ನಡುವೆ ಇದ್ದಳು. ತಂಗಿ ನನ್ನ ಮುಂದೆಯೇ ಹಾದುಹೋದಳು, ದೀಪದ ಕಂಬವನ್ನು ದಾಟಿ ಹೋಗುವ ಹಾಗೆ.

ಫೆಬ್ರವರಿ 8

ಮಾಡಿದ್ದು ಸರಿ.

ಫೆಬ್ರವರಿ 15

ಒಂದು ವಾರದ ಮೇಲೆ ಮಗಳು ಬಾಯಿ ಬಿಟ್ಟಳು.

“ನನ್ನ ಚೀಲ ನೋಡಿದ್ಯಾ ಅಮ್ಮಾ?”

ಸಾರಿನ ಪಾತ್ರೆಗೆ ಸೌಟು ಹಾಕಿ ತಿರುವಿದೆ.

“ಆ ಚೀಟಿ ಸುಲಿದ ಪೆಟ್ಟಿಗೆಗಳಿಗೆ ಅಂಟ್ಸೋಕೆ. ಹೊರಗಿಂದು ಹೊರಗಿಂದೇ ಅಂತ ಗೊತ್ತಾಗ್ಲಿ ಅಂತ. ಒದ್ದೆ ಆಗುತ್ತೆ ಅಂತ ಚೀಲದಲ್ಲಿ ಇಟ್ಕೊಂಡಿದ್ದೆ. ಕೇಳಿದ್ರೆ ಹೇಳ್ತಿದ್ದೆ.”

“ಅವತ್ತು ಕೇಳಿದ್ನಲ್ಲ, ಯಾವ ದೋಣಿದು ಅಂತ?”

“ನೀನು ಕೇಳಿದ್ದು ಹಾಗಲ್ಲಮ್ಮ. ಪೊಲೀಸಿನವರ ಥರ ಕೇಳಿದೆ.”

ಚಿಕ್ಕಪ್ಪ ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿದ್ದಾಳೆ. ಒಂದು ಅಕ್ಷರವೂ ಹೆಚ್ಚುಕಮ್ಮಿ ಇಲ್ಲದೆ ಅದೇ ಕಥೆ. ನಿಜ ಆದರೆ ಇಷ್ಟು ಚೊಕ್ಕವಾಗಿ ಹೊಂದುತ್ತದೆಯೇ?

ಫೆಬ್ರವರಿ 20

ಕೋಟನ್ನೂ ಬಿಚ್ಚದೆ ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟ ಬಂದರೆ ಬರಲಿ.

ಸಂತೆಕಟ್ಟೆಯ ದೊಡ್ಡ ಅಂಗಡಿಯಲ್ಲಿ ಸಂಘದ ಪೆಟ್ಟಿಗೆ ಇಳಿಸುತ್ತಿದ್ದರು. ‘ನಮ್ಮ ಕಡಲಿನದು’, ಕೆಳಗೆ ನನ್ನ ಸೀಲು, ಪಕ್ಕದಲ್ಲಿ ಯಾರೋ ಪೆನ್ನಿನಲ್ಲಿ ಬರೆದ ಮೊನ್ನೆ ಹದಿನೇಳರ ತಾರೀಕು. ನೋಡಿ ಮುಂದೆ ಹೋದೆ. ನಾಲ್ಕು ಹೆಜ್ಜೆ ಹಾಕಿ ನಿಂತೆ. ಹದಿನಾರರಿಂದ ಹದಿನೆಂಟರವರೆಗೆ ಜೋರು ಗಾಳಿ. ಒಂದು ದೋಣಿಯೂ ಕಡಲಿಗೆ ಇಳಿದಿರಲಿಲ್ಲ.

ತಿರುಗಿ ಬಂದು ಒಂದು ಪೆಟ್ಟಿಗೆ ಬಿಚ್ಚಿಸಿದೆ. ಎಲ್ಲ ಒಂದೇ ಅಳತೆ, ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಕಡಲು ಯಾವತ್ತೂ ಹಾಗೆ ಅಳೆದು ಕೊಡುವುದಿಲ್ಲ. ಮುಟ್ಟಿದೆ. ಜಾರಿತು. ಒಂದನ್ನು ಬೆನ್ನು ಸೀಳಿ ನರ ಎಳೆದೆ. ಖಾಲಿ.

ಪೆಟ್ಟಿಗೆ ತಂದವನು ಗೋದಾಮಿನ ಕಾವಲಿನವನು. ಶೀತಕ್ಕೆ ಸದಾ ಉಣ್ಣೆ ಟೋಪಿ ಹಾಕಿಕೊಂಡೇ ಇರುವುದರಿಂದ ಅವನ ಹೆಸರೇ ಟೋಪಿ. “ಇದು ಎಲ್ಲಿಂದ ಬಂತು?” ಎಂದೆ.

“ನಮ್ಮ ಗೋದಾಮಿಂದ ಅಕ್ಕಾ.”

“ಗೋದಾಮಿಗೆ ಎಲ್ಲಿಂದ ಬಂತು?”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ನಿಮ್ಮದೇ ಸೀಲಲ್ವಾ? ನೀವೇ ಕೇಳ್ತೀರಲ್ಲ!”

ಫೆಬ್ರವರಿ 21

ಸೀಲು ಯಾರೋ ಕದ್ದು ಒತ್ತಿದ್ದಾರೆ. ಟೋಪಿ ಇರಬಹುದು. ಮಗಳೇ ಇರಬಹುದು, ಚಿಕ್ಕಪ್ಪನ ಸೇಡಿಗೆ. ಅದು ಗೋಡೆ ಕಪಾಟಿನಲ್ಲಿ ಇರುವುದು ಅವಳಿಗೆ ಗೊತ್ತು. ಹಿಟ್ಟಿನ ಡಬ್ಬಿಗೆ ಹಾಕಿದೆ.

ಫೆಬ್ರವರಿ 22

ಮಗಳಲ್ಲ. ಟೋಪಿಯೂ ಅಲ್ಲ. ಯಾರೂ ಕದ್ದಿಲ್ಲ.

ಚೀಟಿ ಒತ್ತಿದ್ದು ನಾನೇ. ಹಿಂದಿನ ಪುಟ ತಿರುವಿದರೆ ನನ್ನ ಕೈಬರಹದಲ್ಲೇ ಇದೆ. ಖಾಲಿ ಚೀಟಿ, ಕಟ್ಟುಗಟ್ಟಲೆ. ಆಮೇಲೂ ಮೂರು ಸಲ ಒತ್ತಿಕೊಟ್ಟೆ, ಅದನ್ನು ಬರೆಯಲೂ ಇಲ್ಲ. ಊರಿನವರ ಮೇಲೆಲ್ಲ ಕಣ್ಣಿಟ್ಟೆ, ಟೀ ಕೊಟ್ಟವರ ಮೇಲೆ ಇಡಲಿಲ್ಲ.

ಮಾರ್ಚ್ 1

ಅಧ್ಯಕ್ಷರ ಕೋಣೆಗೆ ಹೋದೆ. ಅವರ ಮೇಜಿನ ಮೇಲೆ ಗಾಜಿನ ಕೆಳಗೆ ಹಳೆಯ ದೋಣಿಗಳ ಫೋಟೋಗಳಿವೆ. ಅವನ್ನೇ ನೋಡುತ್ತ, “ಹದಿನೇಳರಂದು ಯಾವ ದೋಣಿ ಇಳಿದಿತ್ತು ಸಾರ್?” ಎಂದೆ.

ಅವರು ಬಾಗಿಲು ಮುಚ್ಚಿ ಬಂದು ಕೂತರು. ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ. ಸುಸ್ತಾದವರ ಹಾಗೆ ಮಾತಾಡಿದರು.

“ಅಕ್ಕಾ, ಸುಂಕ ಬರೋ ತನಕ ಸಂಘ ಉಸಿರಾಡ್ಬೇಕಲ್ಲ. ಅಂಗಡಿಯವರು ದಿನಾ ಮಾಲು ಕೇಳ್ತಾರೆ. ಒಂದು ವಾರ ಇಲ್ಲ ಅಂದ್ರೆ ಹೊರಗಿನವರ ಹತ್ರ ಹೋಗ್ತಾರೆ, ಮತ್ತೆ ತಿರುಗಿ ನೋಡಲ್ಲ. ಮೂರು ತಿಂಗಳ ಮಾತು. ನಮ್ಮವರಿಗೋಸ್ಕರಾನೇ ಮಾಡಿದ್ದು.”

“ನನ್ನ ತಂಗಿ ಗಂಡಾನೂ ನಮ್ಮವರಿಗೋಸ್ಕರ ಅಂತಾನೇ ಹೇಳಿದ್ರು. ಅವರು ಚೀಟಿನಾದ್ರೂ ಸರಿಯಾಗಿ ಹಾಕಿದ್ರು.”

ಅವರು ಮೇಜಿನ ಗಾಜನ್ನು ಅಂಗೈಯಿಂದ ಒರೆಸಿದರು. ಆಮೇಲೆ ಅದೇ ಮೆಲು ದನಿಯಲ್ಲಿ, “ಸೀಲು ಯಾರ ಕೈಲಿದೆ ಅಕ್ಕಾ? ನಾಳೆ ಕೇಳಿದ್ರೆ ಯಾರ ಹೆಸರು ಬರುತ್ತೆ?” ಎಂದರು. ಆರನೇ ತಾರೀಕು ಸುಂಕದ ವಿಚಾರಣೆಗೆ ಅಧಿಕಾರಿಗಳು ಬರುತ್ತಾರಂತೆ. ಅವರ ಮುಂದೆ ನಾನು ಎರಡು ತಟ್ಟೆ ಮುಟ್ಟಿ ಯಾವುದು ನಮ್ಮದು ಎಂದು ಹೇಳಿ ತೋರಿಸಬೇಕು. “ಬಲಗಡೆದು ನಮ್ಮದು. ಮರೀಬೇಡಿ.”

ಮಾರ್ಚ್ 5

ಗಾಳಿಗೆ ದೋಣಿ ಇಳಿದಿಲ್ಲ, ಎರಡೂ ತಟ್ಟೆಗೆ ಹೊರಗಿನದೇ ಬರುತ್ತದೆ. ಬಲಗಡೆದು ನಮ್ಮದು ಎಂದುಬಿಟ್ಟರೆ ಸುಂಕ ಬರುತ್ತದೆ. ಸಾವಿರ ಮನೆಯ ಒಲೆ ಉರಿಯುತ್ತದೆ. ಅಲ್ಲ ಎಂದರೆ ಹೊರಗಿನವರ ವಕೀಲರು ನಗುತ್ತಾರೆ, ನನಗೆ ಜೈಲೂ ಆಗಬಹುದು. ಎಷ್ಟು ತೂಗಿದರೂ ಬಲಗಡೆಯೇ ಭಾರ.

ಬಲಗಡೆದು ಎಂದೇ ಹೇಳುತ್ತೇನೆ.

ಮಾರ್ಚ್ 6

ಸಂಘದ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಮೂವರು ಅಧಿಕಾರಿಗಳು, ನಡುವೆ ಒಬ್ಬರು ಹೆಂಗಸು, ಕೂದಲು ಗಿಡ್ಡ, ಮುಖದಲ್ಲಿ ನಗುವಿಲ್ಲ. ಹಿಂದಿನ ಸಾಲಿನ ಗೋಡೆಗೆ ಒರಗಿ ತಂಗಿ, ಅವಳ ಗಂಡ, ನನ್ನ ಮಗಳು. ಆ ಕಡೆ ನೋಡಬಾರದು ಎಂದುಕೊಂಡೆ.

ದೋಣಿಯವನೊಬ್ಬ ಎದ್ದು, ಡೀಸೆಲ್ಲಿನ ಖರ್ಚೂ ಹುಟ್ಟದೆ ದೋಣಿ ಮಾರಿದ್ದನ್ನು ಹೇಳಿದ. ಬಲೆ ಹೆಣೆಯುವ ಮುದುಕಿ ಮೈಕಿನ ಮುಂದೆ ನಿಂತು, ಆರು ತಿಂಗಳಿಂದ ಒಂದು ಬಲೆಯೂ ಮಾರಾಟವಾಗಿಲ್ಲ ಎಂದಳು. ಅವರು ಹೇಳಿದ್ದೆಲ್ಲ ನಿಜ. ಆಮೇಲೆ ಅಧ್ಯಕ್ಷರು ನನ್ನನ್ನು ಕರೆದರು. “ಈ ತಾಯಿಯ ಕೈಗೆ ಸುಳ್ಳು ಗೊತ್ತಿಲ್ಲ” ಎಂದು ಪರಿಚಯಿಸಿದರು. ಟೋಪಿ ಎರಡು ತಟ್ಟೆ ತಂದಿಟ್ಟ.

ಮೊದಲು ಎಡಗಡೆಯದು ಮುಟ್ಟಿದೆ. ಜಾರಿತು. “ಹೊರಗಿಂದು.” ಚಪ್ಪಾಳೆ.

ಬಲಗಡೆಯದು ಮುಟ್ಟಿದೆ. ನಾಲ್ಕು ದಿನದಿಂದ ಮತ್ತೆ ಗಾಳಿ. ಗೋದಾಮಿನಲ್ಲಿ ನಮ್ಮದು ಎನ್ನುವುದು ಒಂದೂ ಉಳಿದಿರಲಿಲ್ಲ. ಅದೂ ಜಾರಿತು. ‘ನಮ್ಮದು’ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಇಪ್ಪತ್ತೆರಡು ವರ್ಷ ಕೈ ಹೇಳಿದ್ದನ್ನೇ ಬಾಯಿ ಹೇಳಿದೆ. ಇವತ್ತು ಎರಡೂ ಬೇರೆ ಬೇರೆ ಆಗಲು ಒಪ್ಪಲಿಲ್ಲ.

“ಇದೂ ನಮ್ಮದಲ್ಲ” ಎಂದೆ.

ಅಧ್ಯಕ್ಷರು ನಕ್ಕರು. “ಅಕ್ಕಂಗೆ ಗಾಬರಿ ಆಗಿದೆ. ಇನ್ನೊಂದ್ಸಲ ನೋಡಿ ಅಕ್ಕಾ.”

“ಗಾಬರಿ ಇಲ್ಲ. ಯಾರಾದ್ರೂ ಒಂದು ಪಿನ್ನು ಕೊಡಿ.”

ನಡುವಿನ ಅಧಿಕಾರಿಯೇ ತಮ್ಮ ಕಾಗದದ ಕಟ್ಟಿನಿಂದ ಗುಂಡುಪಿನ್ನು ಕಿತ್ತು ವೇದಿಕೆ ಇಳಿದು ಬಂದರು. ಎರಡೂ ತಟ್ಟೆಯಿಂದ ಐದೈದು ತೆಗೆದು ಅವರ ಕಣ್ಣ ಮುಂದೆಯೇ ನರ ಎಳೆದು ತೋರಿಸಿದೆ. ಹತ್ತೂ ಖಾಲಿ. ಮರಳು ಎಲ್ಲಿರಬೇಕು, ಯಾಕಿಲ್ಲ ಎಂದು ಹೇಳಿದೆ. ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಖಾಲಿ ಚೀಟಿಗೆ ಸೀಲು ಒತ್ತಿದವಳು ನಾನೇ ಎಂದೆ. ಕಾಗದ ಸರಿಯಾಗಿಟ್ಟಿದ್ದ ಶೆಡ್ಡಿಗೆ ಬೀಗ ಹಾಕಿಸಿದವಳೂ ನಾನೇ ಎಂದೆ. ಜನ ಎದ್ದು ನಿಂತು ಕೂಗುತ್ತಿದ್ದರು. ‘ಮನೆಮುರುಕಿ’ ಎಂದು ಯಾರೋ ಕೂಗಿದ್ದು ಚೆನ್ನಾಗಿ ಕೇಳಿಸಿತು, ನಮ್ಮ ಹಳೆಯ ಶೆಡ್ಡಿನವಳದೇ ದನಿ.

ಗದ್ದಲ ಇಳಿದ ಮೇಲೆ ಅಧಿಕಾರಿ ಕೇಳಿದರು, “ಹಾಗಾದ್ರೆ ಸುಂಕ ಬೇಡ ಅಂತೀರಾ?”

“ಬೇಕು ಮೇಡಂ. ಆ ದೋಣಿಯವನು ಹೇಳಿದ್ದು ಸುಳ್ಳಲ್ಲ. ಬೇಲಿ ಇಲ್ದಿದ್ರೆ ಹೊಲ ಉಳಿಯಲ್ಲ. ಆದ್ರೆ ಬೇಲಿನೇ ಎದ್ದು ಹೊಲ ಮೇಯ್ತಿದೆ, ಅದನ್ನೂ ಬರ್ಕೊಳ್ಳಿ.”

ಅವರು ಬರೆದುಕೊಂಡರು. ನನ್ನ ಹೇಳಿಕೆಗೆ ಹೆಬ್ಬೆಟ್ಟು ಒತ್ತಬೇಕಾ ಎಂದು ಗುಮಾಸ್ತ ಕೇಳಿದ. ಸಹಿ ಮಾಡಲು ಬರುತ್ತದೆ ಎಂದೆ.

ಮಾರ್ಚ್ 22

ಬರೆಯಲು ಮನಸ್ಸಿರಲಿಲ್ಲ. ಮೂರು ಸಲ ಕರೆಸಿ ವಿಚಾರಿಸಿದರು. ಸೀಲು, ಕೋಟು ಎರಡನ್ನೂ ತೆಗೆದುಕೊಂಡರು. ನಾನೇ ಹೇಳಿಕೊಂಡದ್ದರಿಂದ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಅಧ್ಯಕ್ಷರು ಆರೋಗ್ಯದ ಕಾರಣ ಹೇಳಿ ಕುರ್ಚಿ ಬಿಟ್ಟರು, ಅವರ ವಿಚಾರಣೆ ನಡೆಯುತ್ತಿದೆ. ಸುಂಕ ಬಂದಿದೆ, ಕೇಳಿದ್ದರ ಅರ್ಧ. ಜತೆಗೆ ಇನ್ನು ಪೆಟ್ಟಿಗೆ ನೋಡುವವರು ಸಂಘದವರಲ್ಲ, ಸರ್ಕಾರದವರು. ನಾನು ಬಾಯಿ ಬಿಡದಿದ್ದರೆ ಪೂರ್ತಿ ಬರುತ್ತಿತ್ತು ಎನ್ನುತ್ತಾರೆ ಅರ್ಧ ಜನ. ಬಿಟ್ಟಿದ್ದಕ್ಕೇ ಇಷ್ಟಾದರೂ ಬಂತು ಎನ್ನುತ್ತಾರೆ ಉಳಿದವರು. ಎದುರಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ.

ತಂಗಿಯ ಶೆಡ್ಡಿನ ಬೀಗ ತೆಗೆದಿದ್ದಾರೆ. ಇಪ್ಪತ್ತೈದು ಜನ ಕೆಲಸಕ್ಕೆ ಬಂದರಂತೆ, ಉಳಿದವರು ಬೇರೆ ಕಡೆ ಹೊರಟುಹೋಗಿದ್ದಾರೆ. ಮಗಳು ಹೋಗುತ್ತಿದ್ದಾಳೆ. ಅಲ್ಲಿಯ ಮಾತು ಒಂದೂ ಮನೆಗೆ ತರುವುದಿಲ್ಲ. ನಾನೂ ಕೇಳುವುದಿಲ್ಲ. ಅವಳ ಚೀಲ ಕುರ್ಚಿಯ ಮೇಲೆ ತೆರೆದೇ ಬಿದ್ದಿರುತ್ತದೆ. ಬೇಕೆಂದೇ ಬಿಟ್ಟಿರುತ್ತಾಳೋ ಏನೋ.

ಮಾರ್ಚ್ 30

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಕಿಟಕಿಯಿಂದ ನೋಡಿದರೆ ತಂಗಿ. ಯಾಕೆ ಬಂದಳು? ಜಗಳಕ್ಕೇ? ಯಾರಾದರೂ ಕಳಿಸಿದರೇ? ಅವಳ ಹಿಂದೆ ಬೀದಿಯಲ್ಲಿ ಇನ್ಯಾರಾದರೂ ಇದ್ದಾರೆಯೇ ಎಂದು ನೋಡಿ ಆಮೇಲೆ ಚಿಲಕ ತೆಗೆದೆ.

ಅವಳು ಒಳಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ನಾನು ಸೋಸುತ್ತಿದ್ದ ಹುರುಳಿಕಾಯಿಯಲ್ಲಿ ಅರ್ಧ ತನ್ನ ಕಡೆ ಎಳೆದುಕೊಂಡು ನಾರು ತೆಗೆಯತೊಡಗಿದಳು.

“ಒಂದ್ಸಲ ಬಂದು ಕೇಳ್ಬಹುದಿತ್ತಲ್ಲ ಅಕ್ಕಾ” ಎಂದಳು.

“ಕೇಳಿದ್ರೆ ನಿಜ ಹೇಳ್ತಿದ್ಯಾ?”

ನನ್ನ ದನಿ ಪೊಲೀಸಿನವರದೇ ಆಗಿತ್ತು, ನನಗೇ ಕೇಳಿಸಿತು. ಅವಳು ಕೈಯಲ್ಲಿದ್ದ ಕಾಯಿಯನ್ನು ಮುರಿದು ಪಾತ್ರೆಗೆ ಹಾಕಿದಳು. ಇನ್ನೊಂದು ತೆಗೆದುಕೊಂಡಳು.

“ಇಲ್ಲ” ಎಂದಳು. “ಹೇಳ್ತಿರ್ಲಿಲ್ಲ. ಹೋದ ವರ್ಷ ಒಂದ್ಸಲ ನಮ್ಮ ಪೆಟ್ಟಿಗೆ ಎರಡು ಕಮ್ಮಿ ಬಿದ್ವು. ಹೊರಗಿಂದು ಎರಡು ನಮ್ಮದೇ ಅಂತ ಸೇರ್ಸಿ ಕಳಿಸ್ದೆ. ಇವರಿಗೆ ಗೊತ್ತಿಲ್ಲ. ನಿನ್ನ ಮಗಳಿಗೂ ಗೊತ್ತಿಲ್ಲ. ಅವತ್ತು ನೀನು ನಮ್ಮ ಮನೇಲಿ ಊಟಕ್ಕೆ ಕೂತು ಸುತ್ತಿ ಸುತ್ತಿ ಕೇಳ್ತಿದ್ಯಲ್ಲ, ಅದೇ ಗೊತ್ತಾಗಿಬಿಟ್ಟಿದೆ ಅಂದ್ಕೊಂಡೆ.”

ಹಾಗಾದರೆ ಅಂದು ಗಂಡನ ಮುಖ ನೋಡಿದ್ದು ಅದಕ್ಕೆ. ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ ಎಂದು ಖುಷಿಯಾಗಬೇಕಿತ್ತು. ಆಗಲಿಲ್ಲ.

“ಅದನ್ನ ಈಗ ನಂಗ್ಯಾಕೆ ಹೇಳಿದೆ?”

“ನಿಂಗಲ್ದೆ ಇನ್ಯಾರಿಗೆ ಹೇಳ್ಲಿ?”

ಕಾಯಿ ಮುಗಿಯಿತು. ಅವಳು ಕೈ ತೊಳೆದು, ಒರೆಸಲು ಬಟ್ಟೆ ಹುಡುಕಿ, ಸಿಗದೆ ನನ್ನ ಸೆರಗಿಗೇ ಒರೆಸಿಕೊಂಡಳು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಶೆಡ್ಡಿಗೆ ಬಾ, ಸುಲಿಯುವವರು ಸಾಲುತ್ತಿಲ್ಲ ಎಂದು ಹೇಳಿ ಹೊರಟಳು.

ಯಾರಿಗೂ ಹೇಳಬೇಡ ಎಂದು ಮಾತ್ರ ಅವಳು ಹೇಳಲಿಲ್ಲ.